ನಾವು ನೋಡುವ ಕಿಟಕಿ, ನಮ್ಮನ್ನು ನೋಡುವ ಕಣ್ಣು

ಕಳೆದ ವರ್ಷ ಗೌರೀಹಬ್ಬಕ್ಕೆ ನನ್ನ ತಂಗಿ ತವರಿಗೆ ಬಂದಿದ್ದಳು. ಅವಳಿಗೆ ಮದುವೆಯಾಗಿ ನಾಲ್ಕು ವರ್ಷ, ಗಂಡಹೆಂಡಿರಿಬ್ಬರೂ ಉದ್ಯೋಗದಲ್ಲಿದ್ದಾರೆ. ಬಾಗಿನ ಕೊಟ್ಟದ್ದಾಯಿತು, ಹೋಳಿಗೆಯ ಊಟವಾಯಿತು, ರಾತ್ರಿ ಬಹಳ ಹೊತ್ತಿನವರೆಗೆ ಹರಟೆಯೂ ಆಯಿತು. ಎಲ್ಲರೂ ಮಲಗಿದ ಮೇಲೆ ಅವಳು ನಡುಮನೆಯ ಕಂಪ್ಯೂಟರಿನ ಮುಂದೆ ಸ್ವಲ್ಪ ಹೊತ್ತು ಒಬ್ಬಳೇ ಕುಳಿತಿದ್ದಳೆಂಬುದು ನನಗೆ ತಿಳಿದದ್ದು ಮರುದಿನ.

ಮರುದಿನ ಬೆಳಿಗ್ಗೆ ನಮ್ಮ ತಂದೆಯವರು ಎಂದಿನಂತೆ ಕಾಫಿಯ ಲೋಟ ಹಿಡಿದುಕೊಂಡು ಅದೇ ಕಂಪ್ಯೂಟರಿನಲ್ಲಿ ಪತ್ರಿಕೆ ಓದಲು ಕುಳಿತರು. ನಿವೃತ್ತರಾದಂದಿನಿಂದ ಅದು ಅವರ ನಿತ್ಯವಿಧಿ. ಅಂದು ಸುದ್ದಿಯ ಎಡಕ್ಕೊಂದು, ಬಲಕ್ಕೊಂದು, ನಡುವೆ ಮತ್ತೊಂದು—ಎಲ್ಲಿ ನೋಡಿದರೂ ಸಂತಾನ ಚಿಕಿತ್ಸಾಲಯಗಳ ಜಾಹೀರಾತು. ತಂದೆಯವರು ಏನೂ ಮಾತನಾಡಲಿಲ್ಲ. ಕನ್ನಡಕ ತೆಗೆದು ಮಡಿಸಿಟ್ಟು ಎದ್ದುಹೋದರು. ಆದರೆ ಮಧ್ಯಾಹ್ನದ ಊಟದ ವೇಳೆಗೆ ವಿಷಯ ತಾಯಿಯವರಿಗೆ ತಲುಪಿತ್ತು. ಅಮ್ಮ ಸಾರು ಬಡಿಸುತ್ತ, “ಒಳ್ಳೇ ಡಾಕ್ಟರನ್ನ ನೋಡಿದೀರೇನೇ?” ಎಂದು ಮೆಲ್ಲಗೆ ಕೇಳಿದರು. ತಂಗಿಯ ತುತ್ತು ಕೈಯಲ್ಲೇ ಉಳಿಯಿತು.

ಸಂಜೆ ಅವಳು ನನ್ನನ್ನು ಮಹಡಿಗೆ ಕರೆದಳು. “ಅಣ್ಣಾ, ಇದನ್ನ ನಾನು ಯಾರಿಗೂ ಹೇಳಿರಲಿಲ್ಲ. ಇನ್ನೊಂದು ಪರೀಕ್ಷೆ ಮುಗೀಲಿ, ಆಮೇಲೆ ನಾನೇ ಅಮ್ಮನ ಹತ್ತಿರ ಕೂತು ಹೇಳೋಣ ಅಂತಿದ್ದೆ. ಕಂಪ್ಯೂಟರು ನನಗಿಂತ ಮೊದಲೇ ಹೇಳಿಬಿಡ್ತಲ್ಲ!” ಎಂದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ. ಅದಕ್ಕಿಂತ ಹೆಚ್ಚಿನದೇನೋ ಇತ್ತು.

ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಅಂದು ಅವಳಿಗೆ ಕೊಡಲು ಉತ್ತರವಿರಲಿಲ್ಲ. ಮುಂದೆ ನಮ್ಮ ಕಾಲೇಜಿನ ಕಂಪ್ಯೂಟರ್ ವಿಜ್ಞಾನ ವಿಭಾಗದ ಮಿತ್ರರನ್ನು ಕಾಡಿ ಬೇಡಿ, ಸಿಕ್ಕಿದ್ದನ್ನೆಲ್ಲ ಓದಿ, ತಿಳಿದುಕೊಂಡದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಬರೆಯುವುದಕ್ಕೆ ತಂಗಿಯ ಒಪ್ಪಿಗೆ ಕೇಳಿದೆ. “ಬರಿ ಅಣ್ಣಾ, ನನ್ನ ಹೆಸರು, ಊರು ಬೇಡ” ಎಂದಳು. ನ್ಯಾಯವಾದ ಮಾತು.

ಕಿಟಕಿ ಬಂದ ಬಗೆ

ಅಂತರ್ಜಾಲವೆಂಬ ಮಹಾಪೇಟೆಗೂ ನಮ್ಮ ಮನೆಗೂ ನಡುವೆ ಒಂದು ಕಿಟಕಿಯುಂಟು. ಅದರ ಹೆಸರು ಬ್ರೌಸರು. ಪತ್ರಿಕೆ ಓದುವುದು, ರೈಲಿನ ಟಿಕೆಟು ತೆಗೆಯುವುದು, ವಿದ್ಯುತ್ತಿನ ಬಿಲ್ಲು ಕಟ್ಟುವುದು, ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡುವುದು—ಇವೆಲ್ಲವೂ ಈ ಕಿಟಕಿಯಿಂದಲೇ. ಕಿಟಕಿಯಿಂದ ಹೊರಗಿನದು ನಮಗೆ ಕಾಣುವಂತೆ ಒಳಗಿನದು ಹೊರಗಿನವರಿಗೂ ಕಾಣುತ್ತದೆ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಮನೆ ಕಟ್ಟಿಸುವಾಗ ಬೀದಿಯ ಕಡೆಯ ಕಿಟಕಿಗೆ ಪರದೆ ಬೇಕೆಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಈ ಕಿಟಕಿಯ ವಿಷಯದಲ್ಲಿ ಆ ಬುದ್ಧಿ ಏಕೆ ಓಡುವುದಿಲ್ಲ?

ಇದು ಹುಟ್ಟಿದ್ದು ವ್ಯಾಪಾರಕ್ಕಾಗಿ ಅಲ್ಲ. ೧೯೯೦ರ ಕೊನೆಯಲ್ಲಿ ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ವಿಜ್ಞಾನಿ ಮೊದಲನೆಯ ಬ್ರೌಸರನ್ನು ರಚಿಸಿದರು. ಬೇರೆ ಬೇರೆ ಕಡೆಯಲ್ಲಿರುವ ವಿಜ್ಞಾನಿಗಳು ಒಬ್ಬರ ಬರೆಹವನ್ನು ಇನ್ನೊಬ್ಬರು ಸುಲಭವಾಗಿ ಓದಲಿ ಎಂಬುದಷ್ಟೆ ಉದ್ದೇಶ. ೧೯೯೩ರ ಏಪ್ರಿಲಿನಲ್ಲಿ ಆ ಸಂಸ್ಥೆ ತನ್ನ ಈ ಸೃಷ್ಟಿಯನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಹೊರಬಂದ ‘ಮೊಸಾಯಿಕ್’ ಎಂಬ ಬ್ರೌಸರು ಚಿತ್ರವನ್ನೂ ಅಕ್ಷರವನ್ನೂ ಒಂದೇ ಪುಟದಲ್ಲಿ ತೋರಿಸಿ ಜನಸಾಮಾನ್ಯರ ಮನಸ್ಸನ್ನು ಗೆದ್ದಿತು. ಅದನ್ನು ಕಟ್ಟಿದ ತರುಣರಲ್ಲಿ ಕೆಲವರು ೧೯೯೪ರಲ್ಲಿ ‘ನೆಟ್‌ಸ್ಕೇಪ್’ ತಂದರು. ೧೯೯೫ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ‘ಇಂಟರ್‌ನೆಟ್ ಎಕ್ಸ್‌ಪ್ಲೋರರ್’ ತಂದು, ಮುಂದೆ ಅದನ್ನು ತನ್ನ ವಿಂಡೋಸ್ ಜೊತೆಗೇ ಹಂಚತೊಡಗಿತು. ಮನೆಯೊಡನೆ ಬಂದ ಕಿಟಕಿಯಿರುವಾಗ ಬೇರೊಂದನ್ನು ಹುಡುಕಿಕೊಂಡು ಹೋಗುವವರಾರು? ನೆಟ್‌ಸ್ಕೇಪ್ ಸೋತಿತು. ಗೆದ್ದ ಎಕ್ಸ್‌ಪ್ಲೋರರೂ ಶಾಶ್ವತವಾಗಿ ಉಳಿಯಲಿಲ್ಲ. ೨೦೨೨ರ ಜೂನಿನಲ್ಲಿ ಅದರ ಮೇಲೆ ತೆರೆ ಬಿದ್ದಿತು. ೨೦೦೮ರಲ್ಲಿ ಹುಟ್ಟಿದ ಗೂಗಲಿನ ‘ಕ್ರೋಮ್’ ಇಂದು ಲೋಕದ ಬ್ರೌಸರ್ ಬಳಕೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಆಕ್ರಮಿಸಿದೆ.

ಶಾಯಿಯ ಗುರುತು

ಇನ್ನು ನಮ್ಮ ಮನೆಯ ಪ್ರಸಂಗಕ್ಕೆ ಬರೋಣ. ತಂಗಿ ರಾತ್ರಿ ಓದಿದ್ದು ತಂದೆಯವರ ಬೆಳಗಿನ ಪತ್ರಿಕೆಗೆ ಹೇಗೆ ದಾಟಿತು? ಇದರ ಹಿಂದಿರುವುದು ‘ಕುಕಿ’ ಎಂಬ ಯಃಕಶ್ಚಿತ್ ವಸ್ತು.

ಕುಕಿ ಎಂದರೆ ಇಲ್ಲಿ ತಿನ್ನುವ ಬಿಸ್ಕತ್ತಲ್ಲ. ಒಂದು ಸಣ್ಣ ಚೀಟಿ. ಜಾಲತಾಣಗಳಿಗೆ ಹುಟ್ಟುಗುಣದಿಂದಲೇ ಮರೆವು ಹೆಚ್ಚು. ಒಂದು ಪುಟ ಕೊಟ್ಟ ಮರುಕ್ಷಣ, ಕೊಟ್ಟದ್ದು ಯಾರಿಗೆಂಬುದನ್ನೇ ಅವು ಮರೆಯುತ್ತವೆ. ಹೀಗಾದರೆ ವ್ಯಾಪಾರ ನಡೆಯುವುದುಂಟೆ? ಬುಟ್ಟಿಗೆ ಹಾಕಿದ ಸೀರೆ ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮಾಯ! ೧೯೯೪ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲಿ ಎಂಬ ತರುಣರು ಇದಕ್ಕೊಂದು ಉಪಾಯ ಹೂಡಿದರು. ತಾಣವು ನಮ್ಮ ಬ್ರೌಸರಿನ ಕೈಯಲ್ಲಿ ಒಂದು ಸಂಖ್ಯೆಯ ಚೀಟಿಯಿಡುತ್ತದೆ. ಮತ್ತೆ ಹೋದಾಗ ಬ್ರೌಸರು ಅದನ್ನು ತೋರಿಸುತ್ತದೆ. ತಾಣ ಗುರುತು ಹಿಡಿಯುತ್ತದೆ. ಲಾಂಡ್ರಿಯವರು ಅಂಗಿಯ ಕಾಲರಿನ ಒಳಗೆ ಶಾಯಿಯಿಂದ ಗುರುತು ಹಾಕುವುದಿಲ್ಲವೆ? ನಮಗೆ ಅದರ ಅರ್ಥ ತಿಳಿಯದು; ಅವರಿಗೆ ಅಂಗಿ ಯಾರದೆಂದು ತಕ್ಷಣ ತಿಳಿಯುತ್ತದೆ. ಕುಕಿಯೂ ಅಂಥದೇ. ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ.

ತೊಂದರೆ ಬಂದದ್ದು ಮೂರನೆಯವರಿಂದ. ನಾವು ಒಂದು ಪತ್ರಿಕೆಯ ಪುಟ ತೆರೆದಾಗ ಅದರಲ್ಲಿರುವುದೆಲ್ಲ ಆ ಪತ್ರಿಕೆಯ ಕಚೇರಿಯಿಂದಲೇ ಬರುವುದಿಲ್ಲ. ಜಾಹೀರಾತಿನ ಚೌಕ ತುಂಬುವವರು ಬೇರೆ. ಓದುಗರ ಲೆಕ್ಕವಿಡುವವರು ಬೇರೆ. ಅವರಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಗುರುತನ್ನು ನಮ್ಮ ಬ್ರೌಸರಿಗೆ ಹಾಕಬಲ್ಲರು. ಒಬ್ಬನೇ ಜಾಹೀರಾತಿನ ದಲ್ಲಾಳಿ ಸೀರೆಯ ಅಂಗಡಿಯಲ್ಲಿಯೂ, ವೈದ್ಯಕೀಯ ಸಲಹೆಯ ಪುಟದಲ್ಲಿಯೂ, ಪತ್ರಿಕೆಯಲ್ಲಿಯೂ ಮೂಲೆಯಲ್ಲಿ ಕುಳಿತು ಅದೇ ಗುರುತನ್ನು ಓದುತ್ತಿದ್ದರೆ ಏನಾಯಿತು? ನಮ್ಮ ದಿನಚರಿಯನ್ನು ನಾವೇ ಬರೆದು ಅವನ ಕೈಗೆ ಕೊಟ್ಟಂತಾಯಿತು.

ಗುರುತು ಬೀಳುವುದು ಬ್ರೌಸರಿಗೆ. ಅದರ ಮುಂದೆ ಕುಳಿತಿರುವುದು ಮಗಳೋ ತಂದೆಯೋ ಅದಕ್ಕೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಚಿಕಿತ್ಸೆಯ ಬಗೆಗೆ ಓದಿದ ಬ್ರೌಸರು ಬೆಳಿಗ್ಗೆ ಏಳಕ್ಕೆ ಪತ್ರಿಕೆ ತೆರೆಯಿತು. ಗಿರಾಕಿ ಬಂದರೆಂದು ದಲ್ಲಾಳಿ ಸರಕು ಹರಡಿದ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆದರೂ ಒಂದು ಹೆಣ್ಣುಮಗಳ ಒಳಗುಟ್ಟು ಊಟದ ಎಲೆಯ ಮುಂದೆ ಬಿಚ್ಚಿಬಿದ್ದಿತು.

ಕಿಟಕಿ ಕೊಟ್ಟವರ ಹೊಟ್ಟೆಪಾಡು

“ಬ್ರೌಸರಿಗೆ ನಾವು ಒಂದು ಕಾಸನ್ನೂ ಕೊಟ್ಟಿಲ್ಲವಲ್ಲ?” ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಸಾವಿರಾರು ಎಂಜಿನಿಯರುಗಳು ದುಡಿದು ಕಟ್ಟುವ ವಸ್ತುವನ್ನು ಪುಕ್ಕಟೆ ಕೊಡುವವರು ತಮ್ಮ ಅನ್ನವನ್ನು ಬೇರೆಲ್ಲಿಂದಲೋ ದುಡಿಯಲೇಬೇಕಷ್ಟೆ. ಬ್ರೌಸರನ್ನು ಆರಿಸುವಾಗ ಅದು ಎಷ್ಟು ವೇಗದ್ದು, ಎಷ್ಟು ಚೆಂದದ್ದು ಎಂದು ನೋಡುವುದಕ್ಕಿಂತ ಮೊದಲು ಅದನ್ನು ಕೊಡುವವರ ಜೀವನ ಹೇಗೆ ಸಾಗುತ್ತದೆ ಎಂದು ನೋಡುವುದು ಜಾಣತನ.

ಗೂಗಲಿನ ಆದಾಯದ ದೊಡ್ಡ ಪಾಲು ಬರುವುದು ಜಾಹೀರಾತಿನಿಂದ. ಮೂರನೆಯವರ ಕುಕಿಯನ್ನು ಕ್ರೋಮಿನಿಂದ ಎರಡು ವರ್ಷದೊಳಗೆ ತೆಗೆದುಹಾಕುವುದಾಗಿ ಆ ಸಂಸ್ಥೆ ೨೦೨೦ರ ಜನವರಿಯಲ್ಲಿ ಸಾರಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ೨೦೨೪ರ ಜುಲೈಯಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಕ್ರೋಮ್ ಕೆಟ್ಟ ಬ್ರೌಸರೆಂದು ಇದರ ಅರ್ಥವಲ್ಲ. ಕಳ್ಳಕಾಕರಿಂದ ಕಾಯುವ ವಿಷಯದಲ್ಲಿ ಅದು ಗಟ್ಟಿಮುಟ್ಟಾದದ್ದು. ಆದರೆ ಜಾಹೀರಾತಿನ ಮನೆಯಲ್ಲಿ ಹುಟ್ಟಿದ ಕಿಟಕಿ ಜಾಹೀರಾತಿನವರ ಮುಖಕ್ಕೆ ತಾನಾಗಿ ಮುಚ್ಚಿಕೊಳ್ಳಲೆಂದು ನಿರೀಕ್ಷಿಸುವುದು ಹೆಚ್ಚಾದೀತು.

ಆಪಲ್ ಸಂಸ್ಥೆಯ ‘ಸಫಾರಿ’ ೨೦೨೦ರ ಮಾರ್ಚಿಯಿಂದ ಮೂರನೆಯವರ ಕುಕಿಗಳನ್ನು ಪೂರ್ತಿಯಾಗಿ ತಡೆಯುತ್ತಿದೆ. ಆಪಲ್ಲಿಗೆ ಆದಾಯ ಮುಖ್ಯವಾಗಿ ಯಂತ್ರಗಳ ಮಾರಾಟದಿಂದ. ಆದ್ದರಿಂದ ಅದಕ್ಕೆ ಇದು ಸುಲಭ. ಆದರೂ ಒಂದು ಸಂಗತಿ ಗಮನಾರ್ಹ. ಸಫಾರಿಯಲ್ಲಿ ಹುಡುಕುವ ಕೆಲಸ ಮೊದಲಿಗೇ ಗೂಗಲಿನ ಮೂಲಕ ಆಗುವಂತೆ ಇಟ್ಟಿರುವುದಕ್ಕಾಗಿ ಗೂಗಲ್ ೨೦೨೨ ಒಂದೇ ವರ್ಷದಲ್ಲಿ ಆಪಲ್ಲಿಗೆ ೨,೦೦೦ ಕೋಟಿ ಡಾಲರು ಕೊಟ್ಟಿತೆಂದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಿದ್ದಿತು. ಬೇಕೆಂದರೆ ಯಾರು ಬೇಕಾದರೂ ಒಂದು ನಿಮಿಷದಲ್ಲಿ ಬದಲಿಸಿಕೊಳ್ಳಬಹುದಾದ ಏರ್ಪಾಡು ಅದು. ಬದಲಿಸುವವರು ಇಲ್ಲವೆಂಬ ಭರವಸೆಗೇ ಅಷ್ಟು ಬೆಲೆ! ನಮ್ಮ ಸೋಮಾರಿತನವನ್ನು ಇಷ್ಟು ಚೆನ್ನಾಗಿ ಬೆಲೆಕಟ್ಟಿದವರು ಹಿಂದೆ ಯಾರೂ ಇರಲಾರರು.

ಯಾವ ಕಿಟಕಿ?

ಹಾಗಾದರೆ ಮನೆಮಂದಿಗೆ ಯಾವುದು ಒಳ್ಳೆಯದು? ಒಂದೊಂದಾಗಿ ನೋಡೋಣ.

‘ಫೈರ್‌ಫಾಕ್ಸ್’—ಸೋತ ನೆಟ್‌ಸ್ಕೇಪಿನ ಬೂದಿಯಿಂದ ಎದ್ದು ಬಂದದ್ದು. ಇದರ ಮೊದಲ ಪೂರ್ಣ ಆವೃತ್ತಿ ೨೦೦೪ರ ನವೆಂಬರಿನದು. ಇದರ ಹಿಂದಿರುವ ಮೊಜಿಲ್ಲಾ ಪ್ರತಿಷ್ಠಾನ ಲಾಭಕ್ಕಾಗಿ ನಡೆಯುವುದಲ್ಲ. ಒಳಗಿನ ರಚನೆಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ೨೦೨೨ರ ಜೂನಿನಿಂದ ಇದು ಪ್ರತಿಯೊಂದು ತಾಣದ ಕುಕಿಗಳನ್ನೂ ಪ್ರತ್ಯೇಕವಾಗಿಡುತ್ತದೆ. ನಮ್ಮ ಅಡುಗೆಮನೆಯಲ್ಲಿ ಮಾವಿನ ಉಪ್ಪಿನಕಾಯಿಗೊಂದು ಭರಣಿ, ನಿಂಬೆಗೊಂದು ಭರಣಿ ಇರುವಂತೆ. ಒಂದರ ಸೌಟು ಇನ್ನೊಂದಕ್ಕೆ ತಾಕುವುದಿಲ್ಲ. ಉತ್ಸಾಹಿಗಳ ಶ್ರಮದಿಂದ ಇದು ಕನ್ನಡದಲ್ಲಿಯೂ ದೊರೆಯುತ್ತದೆ. ದೋಷವನ್ನೂ ಹೇಳಬೇಕು: ಮೊಜಿಲ್ಲಾದ ವರಮಾನದ ಬಹುಪಾಲು ಬರುವುದು, ಹುಡುಕಾಟದ ಒಪ್ಪಂದದ ರೂಪದಲ್ಲಿ, ಗೂಗಲಿನಿಂದಲೇ.

‘ಬ್ರೇವ್’—ಮೊಜಿಲ್ಲಾದ ಸ್ಥಾಪಕರಲ್ಲೊಬ್ಬರಾದ ಬ್ರೆಂಡನ್ ಐಕ್ ಮತ್ತು ಸಂಗಡಿಗರು ಕಟ್ಟಿದ್ದು. ನಾವೇನೂ ಮಾಡದೆಯೇ ಜಾಹೀರಾತುಗಳನ್ನೂ ಬೆನ್ನುಹತ್ತುವವರನ್ನೂ ತಡೆಯುತ್ತದೆ. ಕ್ರೋಮಿನ ಅಡಿಪಾಯದ ಮೇಲೆಯೇ ನಿಂತಿರುವುದರಿಂದ ಅದಕ್ಕೆ ಒಗ್ಗಿದವರಿಗೆ ಹೊಸದೆನಿಸದು. ಆದರೆ ತಾನೇ ತೋರಿಸುವ ಜಾಹೀರಾತು, ಬಹುಮಾನದ ನಾಣ್ಯ ಮುಂತಾದ ಗದ್ದಲವನ್ನೂ ಜೊತೆಗೆ ತರುತ್ತದೆ. ಅದನ್ನು ಒಮ್ಮೆ ಆರಿಸಿಬಿಟ್ಟರಾಯಿತು.

‘ಸಫಾರಿ’—ಆಪಲ್ ಯಂತ್ರವುಳ್ಳವರಿಗೆ ಸಾಕಷ್ಟು ಒಳ್ಳೆಯದು, ಉಳಿದವರಿಗೆ ಇಲ್ಲ.

‘ಎಡ್ಜ್’—ಮೈಕ್ರೋಸಾಫ್ಟಿನದು, ೨೦೨೦ರಿಂದ ಇದರ ಅಡಿಪಾಯವೂ ಕ್ರೋಮಿನದೇ. ತಡೆಯ ಅಂಕೆಯನ್ನು ‘ಕಟ್ಟುನಿಟ್ಟು’ ಎಂಬಲ್ಲಿಗೆ ತಿರುಗಿಸಿಕೊಂಡರೆ ಸಹಿಸಬಹುದು.

‘ಟಾರ್’—ಇದು ಬೇರೆಯೇ ಜಾತಿಯದು. ನಮ್ಮ ಕೋರಿಕೆಯನ್ನು ಈರುಳ್ಳಿಯ ಪದರಗಳಂತೆ ಸುತ್ತಿ ಮೂರು ಠಾಣ್ಯಗಳ ಮೂಲಕ ದಾಟಿಸುತ್ತದೆ. ಪ್ರತಿಯೊಬ್ಬ ಓಲೆಕಾರನಿಗೂ ಹಿಂದಿನವನೂ ಮುಂದಿನವನೂ ಮಾತ್ರ ಗೊತ್ತು. ಮೊದಲು ಕಳುಹಿಸಿದವರಾರು, ಕೊನೆಗೆ ಸೇರಿದ್ದೆಲ್ಲಿಗೆ ಎಂಬ ಎರಡೂ ಯಾರೊಬ್ಬರಿಗೂ ತಿಳಿಯದು. ಇದರ ಮೂಲ ಕಲ್ಪನೆ ೧೯೯೦ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಮೂಡಿತು. ಪತ್ರಕರ್ತರಿಗೆ, ಪ್ರಾಣಭಯವುಳ್ಳವರಿಗೆ ಇದು ವರ. ವಿದ್ಯುತ್ತಿನ ಬಿಲ್ಲು ಕಟ್ಟುವುದಕ್ಕೆ ಇದರ ನಿಧಾನ ನಡಿಗೆ ಬೇಕಾಗಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ ನಮ್ಮ ಮನೆಯಲ್ಲಿ ಈಗ ಫೈರ್‌ಫಾಕ್ಸ್ ಇದೆ. ಬೇರೆ ಮನೆಯಲ್ಲಿ ಬ್ರೇವ್ ಇದ್ದರೆ ನನಗೇನೂ ತಕರಾರಿಲ್ಲ. ಯಾವುದನ್ನು ಆರಿಸಿದಿರೆಂಬುದಕ್ಕಿಂತ, ನೀವೇ ಆರಿಸಿದಿರೆಂಬುದು ದೊಡ್ಡದು.

ಗುಪ್ತ ಕಿಟಕಿಯ ಭ್ರಮೆ

ಎಲ್ಲ ಬ್ರೌಸರುಗಳಲ್ಲಿಯೂ ‘ಖಾಸಗಿ ಕಿಟಕಿ’ ಎಂಬುದೊಂದಿದೆ; ಕ್ರೋಮಿನಲ್ಲಿ ಅದಕ್ಕೆ ‘ಇನ್‌ಕಾಗ್ನಿಟೊ’ ಎಂದು ಹೆಸರು. ಅದನ್ನು ತೆರೆದರೆ ತಾವು ಅದೃಶ್ಯರಾದೆವೆಂದು ಹಲವರ ನಂಬಿಕೆ. ಇದು ತಪ್ಪು. ಆ ಕಿಟಕಿ ಮುಚ್ಚಿದೊಡನೆ, ಏನೇನು ನೋಡಿದಿರೆಂಬ ದಾಖಲೆಯೂ ಅಂದಿನ ಕುಕಿಗಳೂ ನಮ್ಮ ಯಂತ್ರದಿಂದ ಅಳಿಯುತ್ತವೆ, ಅಷ್ಟೆ. ಅಂದರೆ ಅದು ಕಾಪಾಡುವುದು ಅದೇ ಕಂಪ್ಯೂಟರಿಗೆ ಆಮೇಲೆ ಬಂದು ಕೂರುವವರಿಂದ. ನನ್ನ ತಂಗಿ ಅಂದು ಅದನ್ನು ಬಳಸಿದ್ದರೆ ಬೆಳಗಿನ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತಿತ್ತು. ಆದರೆ ಭೇಟಿಕೊಟ್ಟ ತಾಣಕ್ಕೆ, ಅಂತರ್ಜಾಲದ ಸಂಪರ್ಕ ಕೊಟ್ಟ ಕಂಪನಿಗೆ, ಕಚೇರಿಯ ಯಂತ್ರವಾದರೆ ಕಚೇರಿಯವರಿಗೆ, ನಾವು ಬಂದದ್ದು ಕಾಣುತ್ತಲೇ ಇರುತ್ತದೆ. ಈ ಭ್ರಮೆಯ ಕುರಿತೇ ಗೂಗಲಿನ ಮೇಲೆ ೨೦೨೦ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಲಾಯಿತು. ೨೦೨೪ರ ಏಪ್ರಿಲಿನಲ್ಲಿ ಹೊರಬಂದ ರಾಜಿಯ ಕರಾರಿನಂತೆ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಸಂಸ್ಥೆ ಒಪ್ಪಿತು; ಕಿಟಕಿಯ ಮೇಲಿನ ಎಚ್ಚರಿಕೆಯ ಮಾತನ್ನೂ ತಿದ್ದಿತು.

ಕುಕಿಯನ್ನೇ ಹಾಕದೆ ಗುರುತು ಹಿಡಿಯುವ ವಿದ್ಯೆಯೂ ಒಂದುಂಟು. ಪರದೆಯ ಅಳತೆ, ಗಡಿಯಾರದ ವಲಯ, ಅಳವಡಿಸಿದ ಅಕ್ಷರಮಾದರಿಗಳು, ಆರಿಸಿದ ಭಾಷೆ—ಇಂಥ ಹತ್ತಾರು ಲಕ್ಷಣಗಳನ್ನು ಕೂಡಿಸಿದರೆ ಬೆರಳಚ್ಚಿನಂಥ ಗುರುತಾಗುತ್ತದೆ. ೨೦೧೦ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಸುಮಾರು ೪ ಲಕ್ಷ ೭೦ ಸಾವಿರ ಬ್ರೌಸರುಗಳನ್ನು ಪರೀಕ್ಷಿಸಿದಾಗ ನೂರಕ್ಕೆ ೮೦ಕ್ಕೂ ಹೆಚ್ಚು ಬ್ರೌಸರುಗಳ ಲಕ್ಷಣ ಮತ್ತೊಂದರಲ್ಲಿ ಇರಲಿಲ್ಲ. ಲೋಕದ ಕೋಟ್ಯಂತರ ಯಂತ್ರಗಳ ನಡುವೆ ಕನ್ನಡದ ಅಕ್ಷರಮಾದರಿಗಳನ್ನು ವಿಶೇಷವಾಗಿ ತುಂಬಿಕೊಂಡ ನಮ್ಮ ಯಂತ್ರ ಹಣೆಗೆ ನಾಮವಿಟ್ಟುಕೊಂಡು ಲಂಡನ್ನಿನ ಬೀದಿಯಲ್ಲಿ ನಡೆದಂತೆ! ಅದಕ್ಕಾಗಿ ಕನ್ನಡವನ್ನು ಬಿಡಬೇಕಾಗಿಲ್ಲ. ಟಾರ್, ಫೈರ್‌ಫಾಕ್ಸ್, ಸಫಾರಿ, ಬ್ರೇವ್—ಇವು ತಮ್ಮ ತಮ್ಮ ಬಗೆಯಲ್ಲಿ ಈ ಗುರುತನ್ನು ಮಸುಕುಗೊಳಿಸಲು ಯತ್ನಿಸುತ್ತವೆ.

ಬೇಲಿಯೇ ಹೊಲ ಮೇಯ್ದಾಗ

ಇಷ್ಟು ತಿಳಿದವರು ಗಾಬರಿಯಿಂದ, ಕಾವಲು ಕಾಯುತ್ತೇವೆಂದು ಹೇಳಿಕೊಳ್ಳುವ ಸಾಧನಗಳನ್ನೆಲ್ಲ ತಂದು ಬ್ರೌಸರಿಗೆ ತಗುಲಿಸುವುದುಂಟು. ಇಲ್ಲಿ ಎಚ್ಚರಿಕೆ ಬೇಕು. ಅವಾಸ್ಟ್ ಎಂಬುದು ವೈರಸ್ಸಿನಿಂದ ಕಾಪಾಡುವ ತಂತ್ರಾಂಶಕ್ಕೆ ಹೆಸರಾದ ಸಂಸ್ಥೆ. ಬೆನ್ನುಹತ್ತುವವರನ್ನು ತಡೆಯುತ್ತೇವೆಂದು ಹೇಳಿ ಕೊಟ್ಟ ಸಾಧನಗಳ ಮೂಲಕವೇ ಅದು ಜನರ ಓಡಾಟವನ್ನು ಸಂಗ್ರಹಿಸಿ, ತನ್ನದೊಂದು ಅಂಗಸಂಸ್ಥೆಯ ಮುಖಾಂತರ ಮಾರಿತೆಂದು ಅಮೆರಿಕದ ವ್ಯಾಪಾರ ಆಯೋಗ ಆರೋಪಿಸಿತು. ೨೦೨೪ರಲ್ಲಿ ಸಂಸ್ಥೆ ೧ ಕೋಟಿ ೬೫ ಲಕ್ಷ ಡಾಲರು ತೆರಬೇಕಾಯಿತು. ಬ್ರೌಸರಿಗೆ ಸೇರಿಸುವ ಪ್ರತಿಯೊಂದು ‘ವಿಸ್ತರಣೆ’ಯೂ ನಾವು ತೆರೆಯುವ ಪುಟಗಳನ್ನೆಲ್ಲ ನೋಡಬಲ್ಲದೆಂದೇ ತಿಳಿಯಬೇಕು. ಮನೆಗೆ ಕಾವಲುಗಾರರು ಇಬ್ಬರಿದ್ದರೆ ಸಾಕು. ಹನ್ನೆರಡು ಜನರಿದ್ದರೆ ಅವರನ್ನು ಕಾಯುವವರು ಯಾರು?

ಹತ್ತು ನಿಮಿಷದ ಕೆಲಸ

ಒಂದು ಭಾನುವಾರ ಬೆಳಿಗ್ಗೆ, ಎರಡನೆಯ ಕಾಫಿ ಮುಗಿಯುವುದರೊಳಗೆ ಮಾಡಿ ಮುಗಿಸಬಹುದಾದ ಕೆಲಸಗಳಿವು:

ಮೊದಲನೆಯದು, ಮನೆಯಲ್ಲಿ ಒಂದೇ ಕಂಪ್ಯೂಟರಿದ್ದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಮಾಡಿ, ಪ್ರತ್ಯೇಕ ಗುಪ್ತಪದ ಕೊಡಿ. ಒಬ್ಬರ ಟವಲು ಇನ್ನೊಬ್ಬರು ಬಳಸದ ಮನೆಗಳಲ್ಲಿಯೂ ಬ್ರೌಸರು ಮಾತ್ರ ಎಲ್ಲರಿಗೂ ಒಂದೇ ಆಗಿರುವುದು ವಿಚಿತ್ರ.

ಎರಡನೆಯದು, ಆರಿಸಿದ ಬ್ರೌಸರಿನ ‘ಏರ್ಪಾಡು’ಗಳಿಗೆ ಹೋಗಿ, ಖಾಸಗಿತನದ ವಿಭಾಗದಲ್ಲಿ ಮೂರನೆಯವರ ಕುಕಿಗಳನ್ನು ತಡೆಯಿರಿ. ಕ್ರೋಮನ್ನೇ ಇಟ್ಟುಕೊಳ್ಳುವವರಿಗೂ ಈ ಅನುಕೂಲವಿದೆ. ಆದರೆ ನೀವೇ ಮಾಡಬೇಕು.

ಮೂರನೆಯದು, ತಾಣದ ವಿಳಾಸದ ಮೊದಲಲ್ಲಿ ‘ಎಚ್‌ಟಿಟಿಪಿಎಸ್’ ಎಂದಿದ್ದರೆ ನಮ್ಮ ಮಾತು ಮುಚ್ಚಿದ ಲಕೋಟೆಯಲ್ಲಿ ಹೋಗುತ್ತದೆ. ಕೊನೆಯ ಅಕ್ಷರವಿಲ್ಲದಿದ್ದರೆ ಅದು ಬರಿಯ ಪೋಸ್ಟ್‌ಕಾರ್ಡು, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಸದಾ ಲಕೋಟೆಯನ್ನೇ ಬಳಸೆಂದು ಬ್ರೌಸರಿಗೆ ಆಜ್ಞೆ ಮಾಡಬಹುದು. ಲಕೋಟೆಯ ಮೇಲೂ ವಿಳಾಸವಂತೂ ಕಾಣುತ್ತದೆ, ಕಳ್ಳನ ತಾಣವೂ ಲಕೋಟೆ ಬಳಸಬಲ್ಲದು ಎಂಬೆರಡು ಮಾತು ನೆನಪಿರಲಿ.

ನಾಲ್ಕನೆಯದು, ಹುಡುಕುವ ಸಾಧನವನ್ನು ಬದಲಿಸಿ ನೋಡಿ. ಹುಡುಕುವವರ ಚರಿತ್ರೆಯನ್ನು ಕಟ್ಟುವುದಿಲ್ಲವೆಂದು ಹೇಳುವ ‘ಡಕ್‌ಡಕ್‌ಗೋ’ ಮುಂತಾದವು ಉಂಟು.

ಐದನೆಯದು, ವಿಸ್ತರಣೆಗಳ ಪಟ್ಟಿ ತೆರೆದು, ಏಕೆ ತಂದಿರೆಂದು ನಿಮಗೇ ನೆನಪಿಲ್ಲದವನ್ನು ಕಿತ್ತುಹಾಕಿ.

ಆರನೆಯದು, ಬ್ರೌಸರು ಹೊಸ ಆವೃತ್ತಿ ಬಂದಿದೆಯೆಂದರೆ ‘ಆಮೇಲೆ’ ಎನ್ನಬೇಡಿ. ಕದದ ಚಿಲಕ ಮುರಿದಾಗ ದೀಪಾವಳಿ ಕಳೆಯಲಿ ಎಂದು ಕಾಯುವವರುಂಟೆ?

ಇವೆಲ್ಲ ಮಾಡಿದರೂ ಒಂದು ಮಿತಿಯುಂಟು. ಒಂದು ತಾಣಕ್ಕೆ ನಿಮ್ಮ ಹೆಸರು ಹೇಳಿ ಒಳಹೊಕ್ಕ ಮೇಲೆ ಯಾವ ಪರದೆಯೂ ನಿಮ್ಮನ್ನು ಅಲ್ಲಿ ಮರೆಸಲಾರದು. ಮೊಬೈಲಿನ ಆಪುಗಳು ಬ್ರೌಸರಿನ ಅಂಕೆಗೆ ಸಿಕ್ಕುವುದೇ ಇಲ್ಲ. ಅಂಗಡಿಯ ಗಲ್ಲಾದ ಬಳಿ, “ಸಾರ್, ಫೋನ್ ನಂಬರ್ ಹೇಳಿ” ಎಂದೊಡನೆ ಹತ್ತು ಅಂಕೆಗಳನ್ನು ಮಂತ್ರದಂತೆ ಹೇಳಿಬಿಡುವ ನಮ್ಮ ಅಭ್ಯಾಸವನ್ನು ಬಿಡಿಸುವ ಬ್ರೌಸರು ಇನ್ನೂ ಹುಟ್ಟಿಲ್ಲ.

ಬಚ್ಚಿಡುವುದೇನಿದೆ?

“ನಾವೇನು ಕಳ್ಳರೆ? ಬಚ್ಚಿಡುವುದೇನಿದೆ?” ಎಂದು ಕೇಳುವ ಹಿರಿಯರು ಪ್ರತಿ ಮನೆಯಲ್ಲಿಯೂ ಇದ್ದಾರೆ. ನಮ್ಮ ತಂದೆಯವರೂ ಹಾಗೆಯೇ ಕೇಳಿದರು. ಇದಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯವೇ ಉತ್ತರ ಹೇಳಿದೆ. ಹೇಳಿಸಿದವರು ನಮ್ಮ ನಾಡಿನವರೆಂಬುದು ನಮಗೆ ಹೆಮ್ಮೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿ ಎದ್ದ ಪ್ರಶ್ನೆಗೆ ಉತ್ತರವಾಗಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಸಂವಿಧಾನದ ೨೧ನೆಯ ವಿಧಿಯಲ್ಲಿ ಅಡಗಿರುವ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ೨೦೨೪ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರು ಇಂದು ಕಾನೂನಿನ ವಿದ್ಯಾರ್ಥಿಗಳ ನಾಲಿಗೆಯ ಮೇಲಿದೆ. ೨೦೨೩ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಸಂಸತ್ತು ಕಾಯಿದೆ ಮಾಡಿತು. ೨೦೨೫ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಕಾನೂನು ಬಂದಿತೆಂದು ಕದ ತೆರೆದಿಟ್ಟು ಮಲಗುವವರಿಲ್ಲವಷ್ಟೆ.

ತಂದೆಯವರಿಗೆ ನಾನು ಹೇಳಿದ ಉತ್ತರ ಇನ್ನೂ ಸಣ್ಣದು. “ಅಪ್ಪಾ, ತಂಗಿ ಬಚ್ಚಿಟ್ಟಿರಲಿಲ್ಲ. ಹೇಳುವುದಕ್ಕೆ ಹೊತ್ತು ಕಾಯುತ್ತಿದ್ದಳು” ಎಂದೆ. ಬಚ್ಚಿಡುವುದು ಬೇರೆ, ನಮ್ಮ ಮಾತನ್ನು ನಾವೇ, ನಮಗೆ ಬೇಕಾದವರಿಗೆ, ನಮಗೆ ಬೇ­ಕಾದಾಗ ಹೇಳುವುದು ಬೇರೆ. ಎರಡನೆಯದನ್ನೇ ಖಾಸಗಿತನ ಎನ್ನುವುದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನನಗೂ ಒಂದು ಬೇರೆ ಖಾತೆ ಮಾಡಿಕೊಡು” ಎಂದರು. ಅವರ ಗುಪ್ತಪದ ಇಂದಿಗೂ ನನಗೆ ಗೊತ್ತಿಲ್ಲ.

ಸಂಕ್ರಾಂತಿಗೆ ತಂಗಿ ಮತ್ತೆ ಬಂದಿದ್ದಳು. ಎಳ್ಳು ಬೀರುವ ಕೆಲಸ ಮುಗಿದ ಮೇಲೆ ಅಮ್ಮನ ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಒಂದು ಗಂಟೆಯಾದರೂ ಹೊರಗೆ ಬರಲಿಲ್ಲ. ತಂದೆಯವರೂ ನಾನೂ ನಡುಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆವು. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ನಾನು ಕೇಳಲೂ ಇಲ್ಲ.